ಅಜ್ಜಿ ಎಳೆದ ಸುಣ್ಣದ ಗೆರೆ

ನಾನು ಪಾಠ ಹೇಳುವ ಕಾಲೇಜಿನ ಮೈದಾನದಲ್ಲಿ ಇವತ್ತು ಬೆಳಿಗ್ಗೆ ಅಟೆಂಡರು ಓಟದ ಪಂದ್ಯಕ್ಕೆ ಸುಣ್ಣದ ಗೆರೆ ಹಾಕುತ್ತಿದ್ದರು. ಗೆದ್ದವರ ಹೆಸರು ಬರೆದುಕೊಳ್ಳುವ ಕೆಲಸ ನನ್ನದು. ಅಕ್ಷರ ದುಂಡಗಿದೆ ಎಂಬ ಒಂದೇ ಕಾರಣಕ್ಕೆ. ಇಬ್ಬನಿಗೆ ನೆಂದ ಸುಣ್ಣದ ವಾಸನೆ ನಿಮಗೆ ಹೊಸದಾಗಿ ಬಳಿದ ಗೋಡೆಯನ್ನು ನೆನಪಿಸೀತು. ನನಗೆ ಮಾತ್ರ ಬೆನ್ನ ಹಿಂದೆ ಯಾರೋ ನಿಂತಂತಾಗುತ್ತದೆ.

ಚನ್ನಗಿರಿಯ ನಮ್ಮ ಮನೆಯ ಬಾಗಿಲು ನೇರ ಬಸ್ಸಿನ ರಸ್ತೆಗೇ ತೆರೆಯುತ್ತಿತ್ತು. ಅಕ್ಕ ಶಾಂತಾಗೆ ವಯಸ್ಸು ಹದಿನಾರಾದರೂ ಬುದ್ಧಿ ಐದಾರು ವರ್ಷದ ಮಗುವಿನದು. ಬಸ್ಸು ಕಂಡರೆ ಅದರ ಹಿಂದೆ ಓಡುವಳು. ಜಗಳೂರು ಕಡೆಯಿಂದ ಬಂದಿದ್ದ ಅಜ್ಜಿ ಇದಕ್ಕೊಂದು ಉಪಾಯ ಮಾಡಿದ್ದಳು. ದಿನಾ ಬೆಳಿಗ್ಗೆ ಎಲೆಯಡಿಕೆ ಡಬ್ಬಿಯಿಂದ ಬೆರಳಲ್ಲಿ ಸುಣ್ಣ ತೆಗೆದು ಹೊಸ್ತಿಲೊಳಗೆ ಅಡ್ಡ ಗೆರೆ ಎಳೆಯುವಳು.

"ಇದನ್ನ ದಾಟಿದ್ರೆ ನಾನು ಸತ್ತೋಗ್ತೀನಿ ನೋಡು, ಶಾಂತೀ."

ಅಕ್ಕ ಒಮ್ಮೆಯೂ ದಾಟಲಿಲ್ಲ. ಆದರೂ ಅಜ್ಜಿ ತೀರಿಕೊಂಡಳು. ಗೆರೆಯ ಕೆಲಸ ನನಗೆ ಬಂತು. ನಾನು ಸ್ಕೇಲು ಹಿಡಿದು ಎಳೆಯುತ್ತಿದ್ದೆ, ಅಜ್ಜಿಯದಕ್ಕಿಂತ ನೇರವಾಗಿದೆಯೆಂದು ಹೆಮ್ಮೆ ಬೇರೆ.

ಮೂರು ವರ್ಷದ ನಂತರ ನ್ಯಾಮತಿಯಲ್ಲಿ ಇಂಥ ಮಕ್ಕಳಿಗಾಗಿ ಸಣ್ಣ ಶಾಲೆ ತೆರೆದ ಮೇಷ್ಟ್ರೊಬ್ಬರು ಮನೆಗೆ ಬಂದರು. ಹೊನ್ನಾಳಿಯಲ್ಲಿ ಅವರಿಗೆಂದೇ ಆಟೋಟವಂತೆ, ಅಕ್ಕನೂ ಓಡಲಿ ಎಂದರು. ಅಪ್ಪನಿಗೆ ನಂಬಿಕೆ ಬರಲಿಲ್ಲ.

"ಓಡಾಕೇನೋ ಓಡ್ತಾಳೆ ಬಿಡ್ರಿ. ಹೇಳಿದ ಕಡೆ ಮುಟ್ತಾಳೇನು? ಮುಗಿಸಿದ್ರೆ ನಿಮ್ಮ ಶಾಲೆಗೆ ಕಳಿಸ್ತೀನಿ. ಇಲ್ದಿದ್ರೆ ಆ ಮಾತು ಎತ್ತಬ್ಯಾಡ್ರಿ."

ತಿಂಗಳಿಡೀ ಬೆಳಿಗ್ಗೆ, ಗೆರೆ ಎಳೆಯುವ ಮೊದಲೇ, ಬಯಲಿನಲ್ಲಿ ಅವಳನ್ನು ಓಡಿಸಿದೆ. ಗುರಿಗೆ ಎರಡು ಕಲ್ಲು ಇಟ್ಟಿದ್ದೆ. ಕಲ್ಲು ದಾಟಿಯೂ ಅಕ್ಕ ಓಡುತ್ತಲೇ ಇರುವಳು. ಹಿಡಿದು ತರುವುದೇ ನನ್ನ ಕಷ್ಟ. ಎಲ್ಲ ಯೋಚಿಸಿದ್ದೇನೆ ಅಂದುಕೊಂಡಿದ್ದೆ.

ಹೊನ್ನಾಳಿಯಲ್ಲಿ ಅಡ್ಡ ಹಿಡಿದ ಹಗ್ಗ ಬಿಟ್ಟು ಓಟ ಶುರು ಮಾಡಿದರು. ಅವಳು ಎಲ್ಲರಿಗಿಂತ ಹತ್ತು ಹೆಜ್ಜೆ ಮುಂದಿದ್ದಳು. ಗುರಿಯ ಆಚೆ ನಿಂತು ನಾನು ಕೂಗುತ್ತಿದ್ದೆ. ಬಿಳಿ ಗೆರೆ ಬಂತು. ಅಕ್ಕ ನಿಂತುಬಿಟ್ಟಳು, ಕಾಲ್ಬೆರಳು ಗೆರೆಗೆ ತಾಗುವಷ್ಟು ಹತ್ತಿರ. ಉಳಿದವರು ಒಬ್ಬೊಬ್ಬರಾಗಿ ಅವಳನ್ನು ಬಳಸಿ ದಾಟಿಹೋದರು.

"ದಾಟಕ್ಕಾ!"

"ಒಲ್ಲೆ. ಅಜ್ಜಿ ಬ್ಯಾಡ ಅಂತಾಳೆ."

"ಅಜ್ಜಿ ಎಲ್ಲೈದಾಳೆ ಈಗ?"

"ನಿನ್ನ ಹಿಂದೆ."

ಅವಳ ಕಣ್ಣು ನನ್ನ ಹೆಗಲಿನ ಮೇಲಿಂದ ಯಾರನ್ನೋ ನೋಡುತ್ತಿತ್ತು, ಮುಖ ನೋಡುವ ಎತ್ತರದಲ್ಲಿ. ಗಾಳಿ ಇರಲಿಲ್ಲ. ಎಲೆಯಡಿಕೆ ವಾಸನೆ ನನ್ನ ಕತ್ತಿಗೆ ಉಸಿರಿನಷ್ಟೇ ಬೆಚ್ಚಗೆ ತಾಗಿತು. ನಾನು ತಿರುಗಲಿಲ್ಲ. ಮಂಡಿಯೂರಿ ಲಂಗದ ಅಂಚಿನಿಂದ ಗೆರೆಯನ್ನು ಒರೆಸತೊಡಗಿದೆ.

"ಬಿಡಮ್ಮ, ಓಟ ಮುಗೀತು," ಎಂದರು ಮೇಷ್ಟ್ರು.

ಒಂದು ಮೊಳ ಅಳಿಸಿ ತಲೆಯೆತ್ತಿದೆ. ಅಕ್ಕ ಇನ್ನೂ ನನ್ನ ಹಿಂದಕ್ಕೇ ನೋಡುತ್ತಿದ್ದಳು. ಅಪ್ಪಣೆ ಸಿಕ್ಕವಳಂತೆ ಒಮ್ಮೆ ತಲೆಯಾಡಿಸಿ, ಆ ಸಂದಿಯಲ್ಲಿ ಕಾಲಿಟ್ಟು ಈಚೆ ಬಂದಳು.

ನಮ್ಮ ಜೊತೆ ಬಂದಿದ್ದ ಅಪ್ಪ ಗೆರೆಯ ಹತ್ತಿರ ಬಂದು, "ಮುಗಿಸಿದ್ಲಲ್ರೀ ಮೇಷ್ಟ್ರೇ," ಎಂದರು.

ವಾಪಸು ಬರುವ ಬಸ್ಸಿನಲ್ಲಿ ಅಕ್ಕ ಕಿಟಕಿಯ ಪಕ್ಕ ಕೂತಳು. ಕಂಡಕ್ಟರ್ ಬಂದಾಗ ಅವಳೇ ಹೇಳಿದಳು: "ಅಪ್ಪಾ, ಅಜ್ಜಿಗೆ ಟಿಕೆಟ್ ತಗೊಂಡಿಲ್ಲ ನೀನು."

ಕಂಡಕ್ಟರ್ ನಕ್ಕ. ಅಪ್ಪ ನಗಲಿಲ್ಲ. ಅವಳ ಪಕ್ಕದ ಸೀಟು ಖಾಲಿಯಿತ್ತು. ಊರು ಬರುವವರೆಗೂ ಅಪ್ಪ ನಿಂತೇ ಬಂದರು.

ಮರುದಿನದಿಂದ ನಾನು ಗೆರೆ ಎಳೆಯಲಿಲ್ಲ. ಅಕ್ಕ ಈಗಲೂ ಆ ಶಾಲೆಯಲ್ಲೇ ಇದ್ದಾಳೆ. ಚಿಕ್ಕ ಮಕ್ಕಳಿಗೆ ಓಡುವುದನ್ನು ಕಲಿಸುತ್ತಾಳೆ.

ಇವತ್ತು ಗೆರೆ ಮುಗಿಯುವ ಮೊದಲು ನಾನು ಅಟೆಂಡರನ್ನು ತಡೆದೆ.

"ನಡುವೆ ಒಂದು ಮೊಳ ಖಾಲಿ ಬಿಡ್ರಿ."

"ಯಾಕ್ರೀ ಮೇಡಂ? ಹುಡುಗ್ರು ನಗ್ತಾರೆ."

"ನಗ್ಲಿ ಬಿಡ್ರಿ."

ಅವರು ತಲೆ ಕೆರೆದುಕೊಂಡು ಹಾಗೆಯೇ ಮಾಡಿದರು. ಸೀಟಿ ಕೇಳಿಸಿತು. ಹುಡುಗಿಯರು ಓಡಿಬರುತ್ತಿದ್ದಂತೆ ಕತ್ತಿಗೆ ಅದೇ ಎಲೆಯಡಿಕೆ ವಾಸನೆ ತಾಗಿತು. ಈ ಸಲವೂ ನಾನು ತಿರುಗಲಿಲ್ಲ. ಪುಸ್ತಕವನ್ನು ಎದೆಗವಚಿಕೊಂಡು, ಅಜ್ಜಿಗೂ ಓಟ ಕಾಣಲೆಂದು, ಅರ್ಧ ಹೆಜ್ಜೆ ಪಕ್ಕಕ್ಕೆ ಸರಿದು ನಿಂತೆ.