ಮೊಮ್ಮಗಳನ್ನು ಮೀಯಿಸಲು ಮಾಡಿಸಿಕೊಂಡ ಆಪರೇಷನ್

ನನಗೆ ಮೊಮ್ಮಗಳು ಹುಟ್ಟಿದ್ದಾಳೆ. ಅವಳ ಪಾದ ನೋಡುತ್ತ ಕೂತರೆ ನನಗೆ ಊಟ ಬೇಡ, ನಿದ್ದೆ ಬೇಡ. ಮುಂಬಯಿಯ ಘಾಟ್ಕೋಪರಿನ ನಮ್ಮ ಬಿಲ್ಡಿಂಗಿನಲ್ಲಿ ವಾಚ್‌ಮನ್ನಿಂದ ಹಾಲಿನವನವರೆಗೆ ಎಲ್ಲರಿಗೂ ಹೇಳಿಯಾಯಿತು. ಹೇಳಲಾಗದೆ ಉಳಿದದ್ದು ಬೇರೆಯೇ.

ನಮ್ಮಲ್ಲಿ ಮಗಳ ಮಗುವನ್ನು ಅಜ್ಜಿಯೇ ಮೀಯಿಸಬೇಕು. ಮಣೆಯ ಮೇಲೆ ಕೂತು, ಕಾಲು ನೀಡಿ, ಕಾಲಿನ ಮೇಲೆ ಮಗುವನ್ನು ಮಲಗಿಸಿ ಎಣ್ಣೆ ತಿಕ್ಕಿ ನೀರು ಹೊಯ್ಯುವುದು. ಮೂಲವ್ಯಾಧಿ ಇಟ್ಟುಕೊಂಡು ಮಣೆಯ ಮೇಲೆ ಕೂರುವುದು ಹೇಗೆ? ಮಗಳು ಬಸುರಿಯಾಗಿರುವಾಗಲೇ ಆಪರೇಷನ್ ಮಾಡಿಸಿಕೊಂಡೆ. ನೋವು ಹೋಯಿತು, ಜೊತೆಗೆ ಹಿಡಿತವೂ ಹೋಯಿತು. ಬರುವುದು ಗಾಳಿಯೋ ಮಲವೋ ತಿಳಿಯುವುದಿಲ್ಲ. ಬಕೆಟ್ ಎತ್ತಿದರೆ ಲಂಗ ಕೊಳೆ. ಯಜಮಾನರು ವಿಕ್ರೋಳಿಯ ಹೋಟೆಲಿಗೆ ಹೊರಟ ಮೇಲೆ ಒಗೆದು ಒಣಗಿಸುತ್ತಿದ್ದೆ.

ಮೆತ್ತೆಯಂತೆ ಊದಿದ್ದ ಆ ಮೂಲವ್ಯಾಧಿಯ ಗಂಟೂ ಮಲದ ಬಾಗಿಲು ಮುಚ್ಚಲು ಸ್ವಲ್ಪ ಆಸರೆಯಾಗಿತ್ತಂತೆ. ಅದನ್ನು ತೆಗೆಯುವಾಗ ಮಲದ್ವಾರದ ಸುತ್ತ ಬಳೆಯಂತಿರುವ ಸ್ನಾಯುವೂ ಸಡಿಲವಾಗಿದೆಯಂತೆ. ಮತ್ತೆ ತೋರಿಸಲು ಹೋದಾಗ ಡಾಕ್ಟರಮ್ಮ ಹಾಗೆಂದರು. ಹೆಚ್ಚಿನವರಿಗೆ ಸರಿಯಾಗುತ್ತದೆ, ಗಾಳಿ ತಡೆಯುವ ಹಾಗೆ ದಿನಾ ಆ ಸ್ನಾಯುವನ್ನು ಬಿಗಿ ಮಾಡಿ, ಮತ್ತೆ ಸಡಿಲ ಬಿಡಿ ಎಂದರು.

"ಪೂರ್ತಿ ಸರಿಯಾಗ್ತದಾ?" ಎಂದು ಕೇಳಿದೆ.

"ನೋಡೋಣ ಆಂಟೀ."

ಆ ನೋಡೋಣ ನನ್ನ ಎದೆಯಲ್ಲೇ ಕೂತುಬಿಟ್ಟಿತು.

ಮಗಳು ಮಗುವಿನೊಂದಿಗೆ ಮನೆಗೆ ಬಂದಳು. ಮಗು ಮೀಯುವ ಜಾಗದಲ್ಲಿ ನನ್ನಿಂದ ಹೊಲಸಾದರೆ? ಒಂದು ದಿನ ಸೊಂಟನೋವು ಎಂದೆ, ಇನ್ನೊಂದು ದಿನ ಶೀತ ಎಂದೆ. ಕೊನೆಗೆ ಮಗುವಿಗೆ ಮಾಲಿಶ್ ಮಾಡಿ ಮೀಯಿಸುವ ಹೆಂಗಸನ್ನು ಕರೆಸೋಣ ಎಂದೆ. ಮಗಳ ಮುಖ ಸಣ್ಣದಾಯಿತು.

"ಹೆಣ್ಣು ಮಗು ಅಂತ ಬೇಸರವಾ ಅಮ್ಮ? ಸೀದಾ ಹೇಳು."

"ಎಂತ ಮಾತು ಮಾರಾಯ್ತಿ ಅದು."

ನನಗೆ ಅಳು ಬಂತು. ಎಲ್ಲ ಹೇಳಿಬಿಟ್ಟೆ. ಅವಳು ಮಗುವನ್ನು ತೊಡೆಯ ಮೇಲೆ ಸರಿಮಾಡಿಕೊಂಡಳು.

"ಸೀನಿದ್ರೆ ನಂಗೂ ಒದ್ದೆ ಆಗ್ತದೆ. ಹೆರಿಗೆ ಆದ್ಮೇಲೆ. ಗಂಡನಿಗೂ ಹೇಳ್ಲಿಲ್ಲ ನಾನು."

"ಹಾಗಾದ್ರೆ ಮೂರು ಜನಕ್ಕೂ ಒಟ್ಟಿಗೇ ಡೈಪರ್ ತರಿಸುವ."

"ನಗಿಸ್ಬೇಡ ಅಮ್ಮ, ಹೊಲಿಗೆ ಉಂಟು."

ಮರುದಿನ ಒಳಗೆ ಪ್ಯಾಡ್ ಇಟ್ಟುಕೊಂಡು ಮಣೆಯ ಮೇಲೆ ಕೂತೆ. ಬಕೆಟ್ ಎತ್ತುವುದೇ ಬೇಡವೆಂದು ನಲ್ಲಿಯ ಕೆಳಗೇ ಇಟ್ಟಿದ್ದೆವು. ಮಗಳು ಸ್ಟೂಲಿನ ಮೇಲೆ ಕೂತು ಚೆಂಬಿನಲ್ಲಿ ನೀರು ಹೊಯ್ದಳು, ನಾನು ತಿಕ್ಕಿದೆ. ಮಗು ಮೊದಲು ಚೀರಿತು, ಆಮೇಲೆ ಬಿಸಿನೀರಿಗೆ ಕಣ್ಣು ಮುಚ್ಚಿತು. ನನ್ನ ಕಾಲಿನ ಮೇಲೆ, ನನ್ನ ಮೊಮ್ಮಗಳು.

ಏಳುವಾಗ ಸ್ವಲ್ಪ ಮಲ ಜಾರಿ ಪ್ಯಾಡಿಗಾಯಿತು. ಮಗುವನ್ನು ಅವಳ ಕೈಗೆ ಕೊಟ್ಟು, ಬಚ್ಚಲಿನ ಬಾಗಿಲು ಹಾಕಿಕೊಂಡೆ. ನಾಳೆಯೂ ನಾನೇ ಮೀಯಿಸುವುದು ಎಂದು ಒಳಗಿನಿಂದಲೇ ಕೂಗಿ ಹೇಳಿದೆ.