ಯಾವ ಕೋಣೆ ಕೊನೆಗೆ?

ನಮ್ಮ ಕಿಸುಮು ಊರಿನಲ್ಲಿ ಮನೆ ಬದಲಿಸುವವರಿಗೆಲ್ಲ ಒಗ್ವೆನೋ ಅಣ್ಣನ ನೀಲಿ ಲಾರಿ ಗೊತ್ತು. ಲಾರಿ ಬೀದಿಗೆ ತಿರುಗುವ ಮೊದಲೇ ಅವನ ದನಿ ಬಂದು ಮುಟ್ಟುತ್ತಿತ್ತು. ನನ್ನ ಹೆಸರು ಓವಿತಿ. ಅವನ ಜೊತೆ ಎಂಟು ವರ್ಷ ಸಾಮಾನು ಹೊತ್ತಿದ್ದೇನೆ.

ಕೊರೋನಾ ಬರುವ ಮುಂಚೆ ಅಣ್ಣ ಗಿರಾಕಿಯ ಮನೆ ಹೊಕ್ಕರೆ ಸೀದಾ ಅಡುಗೆಮನೆಗೇ. "ಖಾಲಿ ಪಾತ್ರೆ ಹೊರೋದು ಸುಲಭ ಕಣ್ರೋ" ಅಂತ ಇದ್ದದ್ದನ್ನೆಲ್ಲ ತಾನೇ ತಿಂದು ಖಾಲಿ ಮಾಡುತ್ತಿದ್ದ. ಕೊರೋನಾ ಬಂದ ವರ್ಷ ಅವನ ತಮ್ಮ ಒತುವೋಮ ಯಾರದೋ ಹಾಸಿಗೆ ಹೊತ್ತು ಬಂದು ಮೂರು ವಾರ ಆಸ್ಪತ್ರೆಯಲ್ಲಿ ಮಲಗಿದ. ಆ ಮನೆಯಲ್ಲಿ ಜ್ವರದವರಿದ್ದದ್ದು ಆಮೇಲೆ ತಿಳಿಯಿತು. ತಮ್ಮ ಬದುಕಿ ಬಂದನೇನೋ ನಿಜ, ನಾಲ್ಕು ಹೆಜ್ಜೆಗೆ ಏದುಸಿರು ಬಿಡುತ್ತಿದ್ದ.

ಅಣ್ಣ ಅವತ್ತಿಂದ ಬೇರೆ ಮನುಷ್ಯನೇ ಆಗಿಬಿಟ್ಟ. ಲಾರಿಯ ಹಿಂದೆ ನಲ್ಲಿಯಿದ್ದ ನೀರಿನ ಕ್ಯಾನು, ದಾರಕ್ಕೆ ಕಟ್ಟಿದ ಸೋಪು. ಎಲ್ಲರ ಬಾಯಿಗೂ ಬಟ್ಟೆ. ಹಿಂದಿನ ಸಂಜೆಯೇ ಕಿಟಕಿ ತೆಗೆದಿಡಬೇಕು, ನಾವು ಒಳಗಿರುವಾಗ ಮನೆಯವರು ಹೊರಗೆ ಮರದಡಿ ಇರಬೇಕು. ಇಷ್ಟಾದರೂ ಒಂದು ತೊಡಕು ಉಳಿಯಿತು. "ಯಾರಿಗಾದ್ರೂ ಹುಷಾರಿಲ್ವಾ?" ಅಂತ ಗೇಟಲ್ಲಿ ಕೇಳಿದರೆ, ನೆರೆಯವರ ಕಿವಿಗೆ ಹೆದರಿ "ಯಾರಿಗೂ ಏನೂ ಇಲ್ಲಪ್ಪ!" ಅನ್ನುವರು. ಒಳಗಿಂದ ಕೆಮ್ಮು ಕೇಳುತ್ತಲೇ ಇರುತ್ತಿತ್ತು.

ಅಣ್ಣ ಒಂದು ವಾರ ತಲೆ ಕೆರೆದುಕೊಂಡು ಪ್ರಶ್ನೆಯನ್ನೇ ಬದಲಿಸಿದ: "ಯಾವ ಕೋಣೆ ಕೊನೆಗೆ ಖಾಲಿ ಮಾಡೋಣ?" ಇದಕ್ಕೆ ಯಾರೂ ಸುಳ್ಳು ಹೇಳುತ್ತಿರಲಿಲ್ಲ. "ಆ ಹಿಂದಿನ ಕೋಣೆ ಕೊನೆಗಿರಲಿ" ಅಂದರೆ ನಮಗೆ ಅರ್ಥವಾಗುತ್ತಿತ್ತು. ಅಲ್ಲಿದ್ದವರನ್ನು ಹೊರಗೆ ದೂರ ಕೂರಿಸಿ, ಗಾಳಿಯಾಡಲು ಬಿಟ್ಟು, ಕೊನೆಗೆ ಒಳಗೆ ಹೋಗುತ್ತಿದ್ದೆವು. ಯಾರ ಮಾನವೂ ಹೋಗುತ್ತಿರಲಿಲ್ಲ.

ಹೀಗಿರುವಾಗ ಮನ್ಯಾಟ್ಟಾ ಬಡಾವಣೆಯ ದೊರ್ಸಿಲಾ ಅಜ್ಜಿ ಮನೆ ಬದಲಿಸಿದಳು. ಅರ್ಧ ಊರಿನ ಹೆರಿಗೆ ಮಾಡಿಸಿದ ಸೂಲಗಿತ್ತಿ. ಅಣ್ಣ ಸೋಪು ಚಾಚಿದ.

"ಲೋ ಒಗ್ವೆನೋ, ನೀನು ಹುಟ್ಟಿದ ದಿನ ನಿನ್ನನ್ನ ತೊಳೆದವಳು ನಾನು. ಈಗ ನನಗೇ ಕೈ ತೊಳೆಯೋದು ಹೇಳಿಕೊಡ್ತೀಯಾ?"

"ಅಜ್ಜಿ, ಅವತ್ತು ನನ್ನ ಹತ್ರ ಲಾರಿ ಇರ್ಲಿಲ್ಲ. ಯಾವ ಕೋಣೆ ಕೊನೆಗೆ?"

"ನನ್ನ ಮನೇಲಿ ಯಾವ ಕೋಣೆಯೂ ಕೊನೆಯಲ್ಲ." ಅಜ್ಜಿ ಸಾಮಾನು ಹೊರುವ ನಮ್ಮ ಮೂವರ ಕಡೆ ತಿರುಗಿದಳು. "ನನ್ನನ್ನ ಕೇಳಿದ್ಯಲ್ಲ, ನಿನ್ನ ಆಳುಗಳನ್ನ ಕೇಳಿದ್ಯೇನೋ? ಇವರಲ್ಲಿ ಯಾರು ಕೊನೆಗೆ?"

ಅಣ್ಣ ನಕ್ಕ. ನಾನು ನಗಲಿಲ್ಲ. ಬೆಳಗಿನಿಂದ ಮೈ ಬೆಚ್ಚಗಿತ್ತು, ಗಂಟಲು ಕೆರೆಯುತ್ತಿತ್ತು. ಒಂದು ದಿನ ಕೆಲಸ ಬಿಟ್ಟರೆ ಮನೇಲಿ ಒಲೆ ಉರಿಯೋದಿಲ್ಲ ಅಂತ ಬಾಯಿ ಮುಚ್ಚಿಕೊಂಡು ಬಂದಿದ್ದೆ. ಅಜ್ಜಿಯ ಕಣ್ಣು ನನ್ನ ಮೇಲೇ ನಿಂತಿತು.

"ನಾನು," ಅಂದೆ. "ನಾನು ಕೊನೆಗೆ."

ಅಣ್ಣ ಬೈಯುತ್ತಾನೆ ಅಂದುಕೊಂಡೆ. ಅವನು ದೂರದ ಮಾವಿನ ಮರ ತೋರಿಸಿದ. "ಅಲ್ಲಿ ಕೂತ್ಕೊ. ಮುಂದೆ ಹುಷಾರಿಲ್ದಿದ್ರೆ ಫೋನ್ ಮಾಡು, ನಿನ್ನ ಮನೆಗೆ ಹಿಟ್ಟು ನಾನು ಕಳಿಸ್ತೀನಿ. ನನ್ನ ತಮ್ಮನನ್ನ ಮರೆತ್ಯೇನೋ?"

ಆ ಮಾತು ಬೈಗುಳಕ್ಕಿಂತ ಜಾಸ್ತಿ ಚುಚ್ಚಿತು.

ನನ್ನ ಜಾಗಕ್ಕೆ ಅಣ್ಣನೇ ಬೀರುವಿಗೆ ಹೆಗಲು ಕೊಟ್ಟ. ಬಾಗಿಲಲ್ಲಿ ಬೀರುವೂ ಅವನ ಹೊಟ್ಟೆಯೂ ಒಟ್ಟಿಗೆ ಸಿಕ್ಕಿಕೊಂಡವು. "ಹೆರಿಗೆ ಕಷ್ಟ ಇದೆ, ಮೊದಲು ತಲೆ ಈಚೆ ಬರ್ಲಿ!" ಅಂತ ಅಜ್ಜಿ ಅಂಗಳದಿಂದ ಕೂಗಿದಳು. ಬೀದಿಗೆ ಬೀದಿಯೇ ನಕ್ಕಿತು.

ಅಜ್ಜಿ ಮೀನು ಸಾರು ಮಾಡಿಟ್ಟಿದ್ದಳು. ಊಟ ಬೇಡ ಅಂದರೆ ನಮ್ಮಲ್ಲಿ ಜಗಳವೇ. ಕೊನೆಗೆ ಎಲ್ಲರೂ ಬಯಲಲ್ಲಿ ದೂರದೂರ ಕೂತು, ಬೇರೆ ಬೇರೆ ತಟ್ಟೆಯಲ್ಲಿ ಮೆಕ್ಕೆಜೋಳದ ಮುದ್ದೆ ಮುರಿದೆವು. ನನ್ನ ತಟ್ಟೆಯನ್ನು ಅಜ್ಜಿ ಒಂದು ಕಲ್ಲಿನ ಮೇಲಿಟ್ಟು ಹಿಂದೆ ಸರಿದಳು. "ತಿನ್ನು. ಮುಳ್ಳು ನೋಡಿ ತಿನ್ನು."

ಮಾರನೇ ದಿನ ಪರೀಕ್ಷೆ ಮಾಡಿಸಿದೆ. ಅದೇ ಕಾಯಿಲೆ. ಎರಡು ವಾರ ಒಬ್ಬನೇ ಕೋಣೆಯಲ್ಲಿ ಬಿದ್ದಿದ್ದೆ. ಹಿಟ್ಟಿನ ಚೀಲ ಬಂದು ಬಾಗಿಲ ಹೊರಗೆ ಕೂತಿತು. ಅಜ್ಜಿ ದಿನಾ ಫೋನಲ್ಲಿ ಗದರುತ್ತಿದ್ದಳು, "ನೀರು ಕುಡಿದ್ಯಾ?" ಅವಳಿಗಾಗಲಿ ಜೊತೆಗಾರರಿಗಾಗಲಿ ಏನೂ ಆಗಲಿಲ್ಲ. ಅದನ್ನು ಕೇಳಿದ ಸಂಜೆ ಗೋಡೆ ಕಡೆ ತಿರುಗಿ ಅತ್ತೆ. ಯಾರೂ ನೋಡಲಿಲ್ಲ, ಪುಣ್ಯ.

ಚೇತರಿಸಿಕೊಂಡ ಮೇಲೆ ಕ್ಷಮೆ ಕೇಳಲು ಅಜ್ಜಿಯ ಹೊಸ ಮನೆಗೆ ಹೋದೆ. ಅವಳು ಪೂರ್ತಿ ಕೇಳಲೇ ಇಲ್ಲ.

"ಸರಿ ಸರಿ. ಮೈಯಲ್ಲಿ ಶಕ್ತಿ ಬಂತಾ? ಹಳೇ ಮನೇಲಿ ಕೋಳಿಗೂಡು ಉಳಿದಿದೆ. ಹನ್ನೊಂದು ಕೋಳಿ. ಕೆಂಪು ಹುಂಜ ಕುಟುಕುತ್ತೆ, ಹುಷಾರು."

ಬಿಸಿಲಲ್ಲಿ ಸೈಕಲ್ ಮೇಲೆ ಗೂಡು ಕಟ್ಟಿಕೊಂಡು, ದಾರಿಯುದ್ದಕ್ಕೂ ಕುಟುಕಿಸಿಕೊಳ್ಳುತ್ತಾ, ಹನ್ನೊಂದನ್ನೂ ತಂದು ಬಿಟ್ಟೆ.