ನಡುವಿನಿಂದ ಅಲುಗದ ಗುಳ್ಳೆ

ನಿವೃತ್ತಿಗೆ ಇನ್ನು ಎರಡು ವರ್ಷ ಉಳಿದಿದ್ದಾಗ ನಾನು ಕೊಪ್ಪಳದಲ್ಲಿ ಭೂಮಾಪನ ಎಂಜಿನಿಯರ್ ಆಗಿದ್ದೆ. ಬಹಳ ಹಳೆಯ ಮಾತಲ್ಲ, ಮೂರ್ನಾಲ್ಕು ವರ್ಷ ಆಗಿರಬಹುದು. ಭೂಮಾಪನ ಅಂದಕೂಡಲೇ ಜನ ಹೊಲದ ಬದು ಅಳೆಯುವವರು ಅಂದುಕೊಳ್ಳುತ್ತಾರೆ. ನಮ್ಮದು ಬೇರೆ. ನೆಲ ಕಣ್ಣಿಗೆ ಕಾಣದಷ್ಟು ನಿಧಾನವಾಗಿ ಏಳುತ್ತದೆ, ಕುಸಿಯುತ್ತದೆ, ಜರುಗುತ್ತದೆ. ಅದನ್ನು ಉಪಗ್ರಹದ ಮಾಹಿತಿಯಿಂದ ಲೆಕ್ಕ ಹಾಕಿ ಅಪಾಯ ಬರುವ ಮೊದಲೇ ಹೇಳಬೇಕು. ಜಿಯೋಡೆಸಿ ಎನ್ನುವ ಶಾಸ್ತ್ರದ ಒಂದು ಭಾಗ ಇದು. ಕುಷ್ಟಗಿಯಲ್ಲಿರುವ ನನ್ನ ಅತ್ತಿಗೆ ಮಾತ್ರ ಬಂದವರಿಗೆಲ್ಲ "ಈಕಿ ಮುಗಿಲಾಗ ಕುಂತು ನೆಲಾ ಅಳ್ಯಾಕಿ ನೋಡ್ರಿ" ಎಂದೇ ನನ್ನ ಪರಿಚಯ ಮಾಡಿಕೊಡುತ್ತಿದ್ದಳು. ಆ ಮಾತಿಗೆ ನಾನೂ ಒಳಗೊಳಗೇ ಉಬ್ಬುತ್ತಿದ್ದೆ ಅನ್ನುವುದು ಸುಳ್ಳಲ್ಲ.

ಆ ವರ್ಷ ಯಲಬುರ್ಗಾ ಮತ್ತು ಕುಷ್ಟಗಿ ಕಡೆಯ ಏಳು ಹಳೆಯ ಕೆರೆಗಳ ಒಡ್ಡುಗಳ ಮೇಲೆ ನಿಗಾ ಇಡುವ ಕೆಲಸ ನನಗೆ ಬಂತು. ಒಡ್ಡು ಅಂದರೆ ಕೆರೆಯ ನೀರು ತಡೆದು ನಿಲ್ಲಿಸಿರುವ ಮಣ್ಣಿನ ಏರಿ. ಏಳರಲ್ಲಿ ಒಂದು ಬೇವೂರಿನ ಆಚೆಗಿತ್ತು. ಕೆರೆಯ ಹೆಸರು ಬೇಡ, ಅಲ್ಲಿಯ ಜನರಿಗೆ ಆದದ್ದೇ ಸಾಕಾಗಿದೆ. ಒಡ್ಡಿನ ಬುಡಕ್ಕೆ ಅಂಟಿಕೊಂಡಂತೆ ಮೂವತ್ತೆಂಟು ಮನೆಗಳ ಓಣಿ. ಕೂಲಿ ಮಾಡುವವರು, ಕುರಿ ಎಮ್ಮೆ ಸಾಕಿದವರು. ಒಡ್ಡು ಹೋದರೆ ಆ ಮೂವತ್ತೆಂಟೂ ಮನೆಗಳು ಹೋದ ಹಾಗೇ. ಅದನ್ನು ತಿಳಿದೇ ನನ್ನನ್ನು ಅಲ್ಲಿಗೆ ಕಳಿಸಿದ್ದರು.

ಕೆಲಸದ ರೀತಿ ಹೀಗೆ. ರೇಡಾರ್ ಉಪಗ್ರಹ ಹನ್ನೆರಡು ದಿನಕ್ಕೊಮ್ಮೆ ಅದೇ ದಾರಿಯಲ್ಲಿ ತಲೆಯ ಮೇಲೆ ಹಾದುಹೋಗುತ್ತದೆ. ಅದು ಕೆಳಕ್ಕೆ ಕಳಿಸಿದ ಅಲೆ ನೆಲಕ್ಕೆ ಬಡಿದು ಹಿಂದಕ್ಕೆ ಹೋಗುತ್ತದೆ. ಹೋದ ಸಲದ ಅಲೆಯನ್ನೂ ಈ ಸಲದ ಅಲೆಯನ್ನೂ ಹೋಲಿಸಿದರೆ ನೆಲ ನಾಲ್ಕೈದು ಮಿಲಿಮೀಟರ್ ಕುಸಿದಿದ್ದರೂ ತಿಳಿಯುತ್ತದೆ. ಆದರೆ ಆ ಒಡ್ಡಿನ ಮೇಲೆ ಆಳೆತ್ತರ ಜಾಲಿಕಂಟಿ ಬೆಳೆದಿತ್ತು. ಕಂಟಿ ಗಾಳಿಗೆ ಅಲುಗಾಡಿದರೆ ಅಲೆ ಕಲಸುಮೇಲೋಗರ. ಅದಕ್ಕೆ ನಾವು ರಿಫ್ಲೆಕ್ಟರ್ ಕೂರಿಸಿದೆವು. ಮೂರು ತಗಡುಗಳನ್ನು ಒಂದು ಮೂಲೆಗೆ ಜೋಡಿಸಿದ ಗೂಡು, ಅಷ್ಟೇ. ಉಪಗ್ರಹಕ್ಕೆ ಅದು ಕತ್ತಲಲ್ಲಿ ದೀಪ ಕಂಡ ಹಾಗೆ ಕಾಣುತ್ತದೆ. ಒಡ್ಡಿನ ನಡುಮಧ್ಯೆ ಕಾಂಕ್ರೀಟ್ ಹಾಸಿ, ಮೂರು ಉದ್ದ ಬೋಲ್ಟುಗಳ ಮೇಲೆ ಗೂಡನ್ನು ನಿಲ್ಲಿಸಿ, ನಟ್ಟು ತಿರುಗಿಸಿ ಮಟ್ಟ ಮಾಡಿದೆವು. ಗೂಡಿನ ಮೈಗೇ ಒಂದು ರಸಮಟ್ಟ ಬಿಗಿದೆವು. ಗಾರೆಯವರು ಗೋಡೆಯ ಮೇಲಿಟ್ಟು ನೋಡುತ್ತಾರಲ್ಲ, ಗಾಜಿನ ಕೊಳವೆಯಲ್ಲಿ ಗುಳ್ಳೆ ಇರುವಂಥದ್ದು, ಅದೇ.

ತಗಡಿನ ಗೂಡು ಕಾಯಲು ಓಣಿಯ ಹನಮವ್ವನನ್ನು ದಿನಗೂಲಿಗೆ ನೇಮಿಸಿಕೊಂಡೆವು. ನಲವತ್ತರ ಆಸುಪಾಸು, ತೆಳ್ಳಗಿನ ಹೆಂಗಸು, ಮಾತು ಕಡಿಮೆ. ಗಂಡ ಯಮನಪ್ಪನಿಗೆ ಕುರಿ ಇದ್ದವು. ಗೂಡಿನಲ್ಲಿ ಮಳೆನೀರು ನಿಂತರೆ ಚೆಲ್ಲುವುದು, ಎಮ್ಮೆ ಮೈ ತಿಕ್ಕದ ಹಾಗೆ ನೋಡಿಕೊಳ್ಳುವುದು, ಪ್ರತಿ ಬುಧವಾರ ರಸಮಟ್ಟದ ಫೋಟೋ ತೆಗೆದು ನನ್ನ ಫೋನಿಗೆ ಕಳಿಸುವುದು ಆಕೆಯ ಕೆಲಸ. ಮಧ್ಯಾಹ್ನವಾಗಿತ್ತು, ನನಗೆ ಹಸಿವು, ಮುಂದಿನ ಕೆರೆಗೆ ಹೋಗುವ ಅವಸರ. ಜೀಪು ಹತ್ತುತ್ತ ಹೇಳಿದೆ: "ಈ ಗುಳ್ಳಿ ಯಾವಾಗ್ಲೂ ನಡುವ ಇರಬೇಕು ನೋಡವಾ. ಅತ್ತಿತ್ತ ಆಗಬಾರ್ದು."

"ಆಗಗೊಡಂಗಿಲ್ರಿ ಬಾಯಾರ" ಅಂದಳು.

ಗುಳ್ಳೆ ಸರಿದರೆ ಏನರ್ಥ, ಸರಿದಾಗ ಏನು ಮಾಡಬೇಕು, ಒಂದನ್ನೂ ನಾನು ಹೇಳಲಿಲ್ಲ. ನಟ್ಟು ಬಿಗಿಮಾಡುವ ಪಾನಾ ಒಂದನ್ನು ನಮ್ಮ ಫಿಟ್ಟರು ಅಲ್ಲೇ ಮರೆತು ಬಂದಿದ್ದ.

ಹನ್ನೊಂದು ತಿಂಗಳು ಬುಧವಾರ ತಪ್ಪದೆ ಫೋಟೋ ಬಂತು. ಗುಳ್ಳೆ ನಟ್ಟನಡುವೆ. ಉಪಗ್ರಹದ ಮಾಹಿತಿಯಿಂದ ಬರೆದ ಗೆರೆಯೂ ಹಾಸಿದ ಚಾಪೆಯ ಹಾಗೆ ಮಟ್ಟಸ. ಎರಡೋ ಮೂರೋ ಮಿಲಿಮೀಟರ್ ಏರಿಳಿತ ಕಂಡರೆ ಹವೆಯದು ಅಂತ ಬಿಟ್ಟುಬಿಟ್ಟೆ. ಮೂರು ತಿಂಗಳಿಗೊಮ್ಮೆ ನಾನೇ ಹೋಗಿ ಜಿಪಿಎಸ್ ಇಟ್ಟು ತಾಳೆ ನೋಡಬೇಕೆಂಬ ನಿಯಮವಿತ್ತು. ಒಮ್ಮೆ ಹೋದೆ, ಅದೂ ಕೂರಿಸಿದ ತಿಂಗಳಲ್ಲೇ. ಆಮೇಲೆ ಫೋಟೋ ಬರುತ್ತದಲ್ಲ ಅಂತ ಬಿಟ್ಟೆ. ಮಣ್ಣಿನ ಒಡ್ಡಿನ ಮೇಲೆ ಒಂದು ವರ್ಷ ಗುಳ್ಳೆ ಕೂದಲೆಳೆಯಷ್ಟೂ ಅಲುಗದಿದ್ದರೆ ಅನುಮಾನ ಬರಬೇಡವೇ? ಬರಬೇಕಿತ್ತು. ನನಗೆ ಹೆಮ್ಮೆ ಬಂತು. ಕೆರೆಯ ಹೊಣೆ ಹೊತ್ತ ಎಂಜಿನಿಯರ್ ಒಡ್ಡು ಹಳೆಯದು, ನೀರಿನ ಮಟ್ಟ ಇಳಿಸೋಣ ಎಂದು ಸಭೆಯಲ್ಲಿ ಕೇಳಿದಾಗ ನನ್ನ ಗೆರೆಯನ್ನು ಎಲ್ಲರ ಮುಂದೆ ಹಿಡಿದು, "ಒಡ್ಡು ಗಟ್ಟಿ ಇದೆ, ಬೇಕಾದರೆ ಬರೆದುಕೊಡುತ್ತೇನೆ" ಅಂದೆ. ಬರೆದೂ ಕೊಟ್ಟೆ. ನೀರು ಇಳಿಸುವ ಮಾತು ಅಲ್ಲಿಗೇ ನಿಂತಿತು.

ಮಳೆಗಾಲದ ಮೊದಲಿಗೆ ಹನಮವ್ವ ಒಮ್ಮೆ ಫೋನ್ ಮಾಡಿದ್ದಳು. "ಬಾಯಾರ, ಒಡ್ಡಿನ ಬುಡಕ ನೀರು ಜಿನಗಾಕತ್ತೈತ್ರಿ. ನಮ್ಮ ಹಿತ್ತಲದಾಗ ಕಾಲ ಇಟ್ರ ಹುಗಿತಾವು."

"ಮಳಿ ಆದ್ರ ಹಸಿ ಇರ್ತೈತವಾ. ಯಂತ್ರ ಛಲೋ ತೋರಸಾಕತ್ತೈತಿ, ಅಂಜಬ್ಯಾಡ" ಅಂದೆ.

"ನೀವು ಹೇಳಿದ ಮ್ಯಾಲ ಮುಗೀತು ಬಿಡ್ರಿ" ಅಂದು ಫೋನ್ ಇಟ್ಟಳು. ಈ ಮಾತು ನೆನಪಾದಾಗೆಲ್ಲ ನನಗೆ ನನ್ನ ಮೇಲೇ ಅಸಹ್ಯವಾಗುತ್ತದೆ.

ಮುಂದೆ ಮೂರು ದಿನ ಬಿಡದೆ ಮಳೆ ಹಿಡಿಯಿತು. ಕೆರೆ ತುಂಬಿತು. ಎರಡನೆಯ ದಿನ ಬಂದ ಉಪಗ್ರಹದ ಮಾಹಿತಿಯಲ್ಲಿ ಒಡ್ಡು ಒಮ್ಮೆಗೇ ಹತ್ತೊಂಬತ್ತು ಮಿಲಿಮೀಟರ್ ಕುಸಿದಂತೆ ತೋರಿತು. ನಾನು ನಂಬಲಿಲ್ಲ. ಹವೆಯಲ್ಲಿ ತೇವ ಹೆಚ್ಚಾದರೆ ಅಲೆ ತಡವಾಗುತ್ತದೆ, ನೆಲ ಕುಸಿದ ಹಾಗೆ ಸುಳ್ಳು ತೋರುತ್ತದೆ. ಹಾಗೇ ಇರಬೇಕೆಂದು ಇಡೀ ದಿನ ಲೆಕ್ಕವನ್ನೇ ಮತ್ತೆ ಮತ್ತೆ ತಿರುವಿದೆ. ಎಷ್ಟು ತೊಳೆದರೂ ಹತ್ತೊಂಬತ್ತು ಹೋಗಲಿಲ್ಲ. ಮಾರನೆಯ ದಿನ ಬೆಳಿಗ್ಗೆ ಜೀಪು ತೆಗೆಸಿದೆ. ತಲುಪಿದಾಗ ಹತ್ತೂವರೆ.

ಹನಮವ್ವ ತಲೆಯ ಮೇಲೆ ಗೊಬ್ಬರದ ಚೀಲ ಹೊದ್ದುಕೊಂಡು ಗೂಡಿನ ಪಕ್ಕದಲ್ಲಿ ಕೂತಿದ್ದಳು. ನನ್ನನ್ನು ಕಂಡವಳೇ ಎದ್ದು ನಿಂತು ಅಳತೊಡಗಿದಳು. ಕೈಯಲ್ಲಿ ಪಾನಾ ಇತ್ತು.

"ತಪ್ಪಾತ್ರಿ ಬಾಯಾರ. ನಟ್ಟು ಮ್ಯಾಲಿನ ತುದಿಗಿ ಬಂದೈತ್ರಿ, ಇನ್ನ ತಿರುಗವಲ್ದು. ಬುಡಕ ಹಂಚಿನ ಚೂರು ಕೊಟ್ಟು ನೋಡೀನಿ. ಗುಳ್ಳಿ ನಡುವ ನಿಂದ್ರವಲ್ದ್ರಿ."

ನಾನು ಕೆಸರಿನಲ್ಲೇ ಮೊಣಕಾಲೂರಿದೆ. ಊರ ಕಡೆಯ ಬೋಲ್ಟಿನ ಮೇಲೆ ನಟ್ಟು ತುತ್ತತುದಿಯಲ್ಲಿತ್ತು. ನಾವು ಕೂರಿಸಿದಾಗ ಗುರುತಿಗೆ ಹಚ್ಚಿದ ಕೆಂಪು ಬಣ್ಣ ಕೆಳಗೆ ಉಳಿದಿತ್ತು. ನಡುವಿನ ಅಂತರಕ್ಕೆ ಸ್ಕೇಲು ಹಿಡಿದೆ. ಅರವತ್ತೆರಡು ಮಿಲಿಮೀಟರ್. ಉಪಗ್ರಹ ನೋಡುವ ಗೂಡಿನ ಮೂಲೆ ಸರಿಯಾಗಿ ಆ ಬೋಲ್ಟಿನ ಮೇಲೆಯೇ ಕೂತಿತ್ತು. ಒಡ್ಡು ಎಷ್ಟು ಕುಸಿದಿತ್ತೋ ಹೆಚ್ಚುಕಮ್ಮಿ ಅಷ್ಟನ್ನೇ ಈಕೆ ವಾರವಾರವೂ ಮೇಲಕ್ಕೆ ಎತ್ತಿ, ಗುಳ್ಳೆಯನ್ನು ನಡುವಿಗೆ ತಂದು, ಫೋಟೋ ಹೊಡೆದು ನನಗೆ ಕಳಿಸಿದ್ದಳು.

"ಯಾವಾಗಿಂದ ತಿರುಗಿಸಾಕತ್ತೀ?"

"ನೀವು ಹಚ್ಚಿ ಹೋದ ಎರಡು ತಿಂಗಳಿಗೇ ಸರದಿತ್ರಿ. ಬುಧವಾರಕ್ಕೊಮ್ಮಿ ಒಂದೀಟ ಒಂದೀಟ ತಿರುವಿ ಸರಿ ಮಾಡೀನ್ರಿ. ನೀವು ಬೈಯಬಾರ್ದು ಅಂತ."

ನನಗೆ ಸಿಟ್ಟು ಮೂಗಿನ ತುದಿಯಲ್ಲಿ. "ಯಾರ್ ಹೇಳಿದ್ರ ನಿನಗ ಮುಟ್ಟಾಕ? ಬುದ್ಧಿ ಐತೇನು?" ಅಂತ ಕಿರುಚಿಬಿಟ್ಟೆ. ಆಕೆ ಮುಖ ಎತ್ತಿ ನನ್ನನ್ನೇ ನೋಡಿದಳು. ಯಾರು ಹೇಳಿದ್ದು ಅನ್ನುವುದು ಇಬ್ಬರಿಗೂ ಗೊತ್ತಿತ್ತು. ಅಯ್ಯೋ ನನ್ನ ಬಾಯಿಗಿಷ್ಟು ಮಣ್ಣು ಬೀಳ ಅನ್ನಿಸಿತು. ಅಲ್ಲಿಂದಲೇ ಕಾಣುತ್ತಿತ್ತು: ಒಡ್ಡಿನ ತಲೆಯುದ್ದಕ್ಕೂ ಹಸ್ತ ಹೋಗುವಷ್ಟು ಅಗಲದ ಬಿರುಕು, ಬುಡದಲ್ಲಿ ಕದಡಿದ ನೀರು. ನೀರಿನ ಜೊತೆ ಮಣ್ಣು ಬರುತ್ತಿದೆ ಅಂದರೆ ಒಡ್ಡು ಒಳಗಿನಿಂದ ಕರಗುತ್ತಿದೆ ಎಂದರ್ಥ.

ಕೆರೆಯ ಎಂಜಿನಿಯರ್‌ಗೆ ಫೋನ್ ಮಾಡಿದೆ. ತೂಬು ಪೂರ್ತಿ ತೆರೆದರೂ ನೀರು ಇಳಿಯಲು ಎರಡು ದಿನ ಬೇಕು ಅಂದರು. ಹಾಗಾದರೆ ಜನರನ್ನು ಎಬ್ಬಿಸಲು ಪೊಲೀಸರನ್ನೂ ಲಾರಿಗಳನ್ನೂ ಕಳಿಸಿ ಅಂದೆ.

"ಮೇಡಂ, ಒಡ್ಡು ಗಟ್ಟಿ ಐತಿ ಅಂತ ನೀವ ಬರದುಕೊಟ್ಟೀರಿ. ಆ ಕಾಗದ ನನ್ನ ಟೇಬಲ್ ಮ್ಯಾಲ ಐತಿ. ಈಗ ಮ್ಯಾಲಿನವರಿಗೆ ನಾ ಏನಂತ ಹೇಳ್ಲಿ?"

ಸುಳ್ಳೇನು ಹೇಳಿದರು ಅವರು? ಜೀಪಿನ ಬಾನೆಟ್ ಮೇಲೆ ಡೈರಿಯ ಹಾಳೆಯಿಟ್ಟು, ಮಳೆಹನಿಗೆ ಸೆರಗು ಅಡ್ಡ ಹಿಡಿದು, "ನನ್ನ ವರದಿ ತಪ್ಪು. ಒಡ್ಡು ಯಾವ ಗಳಿಗೆಯಲ್ಲಾದರೂ ಒಡೆಯಬಹುದು" ಎಂದು ಬರೆದು ಸಹಿ ಹಾಕಿ ಫೋಟೋ ಕಳಿಸಿದೆ. ಹೊರಟೆವು ಅಂತ ಉತ್ತರ ಬಂತು. ದಾರಿಯಲ್ಲಿ ಹಳ್ಳ ತುಂಬಿತ್ತು. ಅವರು ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು.

ನಾನೂ ನಮ್ಮ ಡ್ರೈವರ್ ಹುಸೇನಸಾಬನೂ ಓಣಿಗೆ ಇಳಿದು ಮನೆಮನೆಯ ಬಾಗಿಲು ಬಡಿದೆವು. ಯಾರೂ ಅಲ್ಲಾಡಲೊಲ್ಲರು. ಒಬ್ಬ ಮುದುಕರು ಹೊಸ್ತಿಲ ಮೇಲೆ ಕೂತೇ ಅಂದರು: "ಹನಮವ್ವನ ಯಂತ್ರ ಛಲೋ ಐತಿ ಅಂತ ನೀವ ಹೇಳಿದ್ರಲ್ಲ? ಈ ಮಳ್ಯಾಗ ಕೂಸು ಮರಿ ಕಟ್ಟಿಕೊಂಡು ಎಲ್ಲಿ ಹೋಗೂನು? ಹೋಗ್ರಿ, ಹೋಗ್ರಿ." ಯಂತ್ರ ಸುಳ್ಳು ಹೇಳಿತು ಅಂದರೆ ನಗುತ್ತಾರೆ. ಬಿರುಕು ಬಂದು ನೋಡಿ ಅಂದರೆ, ಅದು ಪ್ರತಿ ವರ್ಷ ಇರುವುದೇ ಅನ್ನುತ್ತಾರೆ. ಅತ್ತೇಬಿಟ್ಟೆ ನಾನು, ಐವತ್ತೊಂಬತ್ತರ ಹೆಂಗಸು, ನಡುಬೀದಿಯಲ್ಲಿ.

ಆಗ ಹನಮವ್ವ ಓಣಿಯ ಮಧ್ಯದ ಕಟ್ಟೆ ಹತ್ತಿ ನಿಂತಳು. ಅಷ್ಟು ಜೋರಾಗಿ ಆಕೆ ಕೂಗಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಏ ಎಪ್ಪಾ, ಏ ಎವ್ವಾ, ನನ್ನ ಮಾತ ಕೇಳ್ರಿ! ಯಂತ್ರ ಕೆಡಸ್ದಾಕಿ ನಾನ. ಒಡ್ಡು ಕುಸದಿದ್ದು ನನ್ನ ಕೈಯಾಗ ಮುಚ್ಚಿ ಹೋಗೈತಿ. ಬಾಯಾರಿಗೆ ತಿಳೀಲಿಲ್ಲ. ನನಗ ಏನ್ ಬೈತೀರಿ ಆಮ್ಯಾಲ ಬೈರಿ, ಈಗ ಏಳ್ರಿ!"

ಅವರು ನನ್ನ ಶಾಸ್ತ್ರವನ್ನು ನಂಬಲಿಲ್ಲ, ಆಕೆಯ ತಪ್ಪೊಪ್ಪಿಗೆಯನ್ನು ನಂಬಿದರು. ಮೊದಲು ಪಕ್ಕದ ಮನೆಯವರು ಹೊರಟರು, ಆಮೇಲೆ ಒಬ್ಬರ ಹಿಂದೆ ಒಬ್ಬರು. ಆ ಗಳಿಗೆಯಲ್ಲಿ "ಈಕೆಯದಲ್ಲ, ತಪ್ಪು ನನ್ನದು" ಅಂತ ಹೇಳಲು ನನಗೆ ಬಾಯಿ ಬರಲಿಲ್ಲ. ಹೇಳಿದರೆ ಜನ ಮತ್ತೆ ನಿಂತುಬಿಡುತ್ತಾರೆ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅರ್ಧ ನಿಜ ಅದು. ಉಳಿದರ್ಧ ಅಂಜಿಕೆ.

ಒಂದೂವರೆಗೆ ಜನ ಎಲ್ಲ ದಿಬ್ಬದ ಮೇಲಿನ ಶಾಲೆಯಲ್ಲಿದ್ದರು. ಹನಮವ್ವ ತಲೆ ಎಣಿಸಿದಳು, ಯಾರೂ ಕಡಿಮೆ ಇರಲಿಲ್ಲ. ಅಷ್ಟರಲ್ಲಿ ಯಮನಪ್ಪ "ದಡ್ಡ್ಯಾಗ ಮರಿ ಅದಾವ, ಹಗ್ಗ ಬಿಚ್ಚಿ ಬಂದಬಿಡ್ತೀನಿ" ಅಂದು ಕುರಿದೊಡ್ಡಿಯ ಕಡೆ ಇಳಿದ. ಬೇಡ ಬೇಡ ಅಂತ ನಾಲ್ಕು ಜನ ಕೂಗಿದೆವು. ಆತ ತಿರುಗಿ ನೋಡದೆ ಕೈ ಬೀಸಿದ. ಎರಡು ಗಂಟೆಗೆ ಹತ್ತು ನಿಮಿಷ ಇರುವಾಗ ಒಡ್ಡಿನ ನಡುಭಾಗ, ನಮ್ಮ ಗೂಡು ಇದ್ದ ಜಾಗವೇ, ಮೆತ್ತಗೆ ಕೂತುಕೊಂಡಿತು. ದೊಡ್ಡ ಸದ್ದೇನೂ ಆಗಲಿಲ್ಲ. ಆಮೇಲೆ ನೀರಿನ ಸದ್ದು. ಹನಮವ್ವನನ್ನು ಮೂವರು ಹೆಂಗಸರು ಹಿಡಿದುಕೊಂಡಿದ್ದರು. ಯಮನಪ್ಪ ಮಾರನೆಯ ದಿನ ಎರಡು ಹೊಲ ಆಚೆ ಸಿಕ್ಕ.

ವಿಚಾರಣೆ ನಡೆಯಿತು. ವರದಿಯ ಕರಡು ಪ್ರತಿಯನ್ನು ನನಗೆ ಓದಲು ಕೊಟ್ಟರು. ಮಾಪನ ತಪ್ಪಿದ್ದಕ್ಕೆ ಕಾರಣ ಎಂಬಲ್ಲಿ "ದಿನಗೂಲಿ ಸಿಬ್ಬಂದಿಯ ಅನಧಿಕೃತ ಹಸ್ತಕ್ಷೇಪ" ಅಂತ ಬರೆದಿದ್ದರು. ಓಣಿಯವರೂ ಹಾಗೇ ಆಡಿಕೊಳ್ಳುತ್ತಿದ್ದರು. ಪಾನಾ ಹಿಡಿದು ಕೆರೆ ಒಡೆದಾಕಿ, ಗಂಡನ್ನ ತಿಂದಾಕಿ. ನಾನು ಸುಮ್ಮನೆ ಸಹಿ ಹಾಕಿದ್ದರೆ ನಡೆಯುತ್ತಿತ್ತು. ಹಿರಿಯ ಅಧಿಕಾರಿಯೊಬ್ಬರು "ಏಳು ತಿಂಗಳಲ್ಲಿ ರಿಟೈರ್ ಆಗ್ತೀರಿ, ಯಾಕೆ ಮೈಮೇಲೆ ಎಳ್ಕೋತೀರಿ?" ಅಂತ ಪ್ರೀತಿಯಿಂದಲೇ ಕೇಳಿದರು. ಆ ಸಾಲು ಹೊಡೆದು ಹಾಕಿ, ಆಕೆಗೆ ನಾನು ಕೊಟ್ಟ ಸೂಚನೆ ಏನು, ಮಾಡದೆ ಬಿಟ್ಟ ತಪಾಸಣೆ ಎಷ್ಟು, ಆಕೆ ಫೋನ್ ಮಾಡಿದಾಗ ನಾನು ಏನು ಹೇಳಿದೆ ಎಂಬುದನ್ನೆಲ್ಲ ಎರಡು ಪುಟ ಬರೆದುಕೊಟ್ಟೆ. ಬಂದ ಶಿಕ್ಷೆ ಬಂತು. ಅದನ್ನು ದೊಡ್ಡದು ಮಾಡಿ ಹೇಳುವ ಹಕ್ಕು ನನಗಿಲ್ಲ.

ಮೂವತ್ನಾಲ್ಕು ವರ್ಷದ ಕೆಲಸ ನನಗೆ ಕಲಿಸಿದ್ದು ಇಷ್ಟು: ಅಳತೆ ಮಾಡುವ ಯಂತ್ರವನ್ನು ಒಬ್ಬರ ಕೈಗೆ ಒಪ್ಪಿಸುವಾಗ, ಅದು ಯಾಕೆ ಅಲ್ಲಿದೆ ಅನ್ನುವುದನ್ನೂ ಅವರ ಕೈಗೆ ಒಪ್ಪಿಸಬೇಕು. ತಿಳಿಯದವರು ಅಂತ ನಾವು ಅರ್ಧ ಮಾತು ಹೇಳಿ ಹೊರಟರೆ, ಅವರು ಆ ಅರ್ಧವನ್ನೇ ಜೀವ ತೇದು ಪಾಲಿಸುತ್ತಾರೆ. ಇದನ್ನು ನಾನು ನಿವೃತ್ತಿಯ ನಂತರ ತರಬೇತಿಗೆ ಬರುವ ಹೊಸಬರಿಗೆಲ್ಲ ಹೇಳಿದ್ದೇನೆ. ಅವರು ಬರೆದುಕೊಳ್ಳುತ್ತಾರೆ.

ವಿಚಾರಣೆ ಮುಗಿದ ಮೇಲೆ ಹನಮವ್ವನನ್ನು ನೋಡಲು ಹೋದೆ. ತವರುಮನೆಯವರು ಆಕೆಯನ್ನು ಮಂಗಳೂರಿಗೆ, ನಮ್ಮ ಯಲಬುರ್ಗಾ ಕಡೆಯ ಮಂಗಳೂರಿಗೆ, ಕರೆದುಕೊಂಡು ಹೋಗಿದ್ದರು. ಕುಡಿಯಲು ನೀರು ಕೊಟ್ಟು ಎದುರಿಗೆ ಕೂತಳು. ತಪ್ಪು ನನ್ನದೆಂದು ಬರೆದುಕೊಟ್ಟಿರುವುದನ್ನು ಹೇಳಿದೆ. ತಲೆಯಾಡಿಸಿದಳು. ಆಮೇಲೆ ಕೇಳಿದಳು.

"ಗುಳ್ಳಿ ಸರದದ್ದು ಹಂಗ ಬಿಟ್ಟಿದ್ರ ನಿಮಗ ಮೊದಲ ತಿಳೀತಿತ್ತೇನ್ರಿ?"

"ಹೂಂನವಾ. ಎಂಟೊಂಬತ್ತು ತಿಂಗಳು ಮೊದಲ."

"ಹಂಗಾದ್ರ ಸರದ ಕೂಡ್ಲೆ ನನಗ ಹೇಳವಾ, ಮುಟ್ಟಬ್ಯಾಡ ಅಂತ ಒಂದು ಮಾತು ಅಂದು ಹೋಗಿದ್ರ ಆಗ್ತಿದ್ದಿಲ್ಲೇನ್ರಿ ಬಾಯಾರ?"

ಆಗುತ್ತಿತ್ತು. ಜೀಪು ಹತ್ತುವ ಮೊದಲು ಅಷ್ಟು ಹೇಳಲು ನನಗೆ ಸಮಯವಿತ್ತು.